ಸುಮ್ಮನೆ ಕುಳಿತ ಕೂಸು ಶಾಣ್ಯಾ ಕೂಸೇ?

ಮಗು ಮೊಬೈಲು ಹಿಡಿದು ಮೂಲೆಯಲ್ಲಿ ಮೌನವಾಗಿ ಕುಳಿತರೆ 'ಎಷ್ಟು ಶಾಣ್ಯಾ ಕೂಸು' ಎಂದು ಮೆಚ್ಚುವುದು ಇಂದು ನಗರದಲ್ಲಷ್ಟೇ ಅಲ್ಲ, ರಾಮದುರ್ಗ ತಾಲೂಕಿನ ಕಟಕೋಳದಂತಹ ಊರುಗಳ ಮನೆಗಳಲ್ಲಿಯೂ ರೂಢಿಯಾಗುತ್ತಿದೆ. ಆದರೆ ಎಳೆಯ ಮಗುವಿಗೆ ಚಲನೆಯೇ ಸಹಜ ಧರ್ಮ. ದೀರ್ಘಕಾಲದ ನಿಶ್ಚಲತೆ ಅದರ ಬೆಳವಣಿಗೆಗೆ ಮಾರಕ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, 3-4 ವರ್ಷದ ಮಗು ದಿನವೊಂದರಲ್ಲಿ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಅದರಲ್ಲಿ 60 ನಿಮಿಷವಾದರೂ ಓಟ, ಜಿಗಿತಗಳಂತಹ ಚುರುಕಿನ ಆಟವಿರಬೇಕು. ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು; 10ರಿಂದ 13 ಗಂಟೆ ನಿದ್ರೆ ಬೇಕು. ಎಲುಬು, ಸ್ನಾಯುಗಳು ಬಲಗೊಳ್ಳುವುದೂ ದೇಹದ ಸಮತೋಲನ ಕೂಡಿಬರುವುದೂ ಇಂತಹ ಆಟದಿಂದಲೇ.

ಮಗು ಕೈಕಾಲು ಆಡಿಸುತ್ತಲೇ ಕಲಿಯುತ್ತದೆಂದು ಬೋಧಿಸಿದ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೆ ಬಂದು ಭಾರತದ ಶಿಕ್ಷಕರಿಗೆ ತರಬೇತಿ ನೀಡಿದರು. ಆದರೂ ಅಂಗನವಾಡಿಯ ಮಗು ಹಾಡಿ ಕುಣಿದು ಬಂದರೆ, 'ಏನು ಬರೆದೆ?' ಎಂದೇ ನಾವು ಕೇಳುತ್ತೇವೆ. 'ಏನು ಆಡಿದೆ?' ಎಂದು ಕೇಳುವುದು ಹೆಚ್ಚು ಉಚಿತ.

ಹೊಲಮನೆಯ ದುಡಿಮೆಯಲ್ಲಿ ಬಳಲಿದ ತಾಯಿ ಅಡುಗೆಯ ಹೊತ್ತಿನಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟರೆ ಆಕೆಯನ್ನು ದೂಷಿಸಿ ಫಲವಿಲ್ಲ. ಆ ಹೊತ್ತು ತಂದೆಯೋ ಅಜ್ಜನೋ ಮಗುವನ್ನು ಅಂಗಳಕ್ಕೆ ಕರೆದೊಯ್ಯಲಿ. ಮಣ್ಣೆತ್ತಿನ ಅಮಾವಾಸ್ಯೆಯ ಮಣ್ಣು, ಪಂಚಮಿಯ ಜೋಕಾಲಿ, ಓಣಿಯ ಕಣ್ಣಾಮುಚ್ಚಾಲೆ ಇವಕ್ಕೆ ಹಣ ಬೇಕಿಲ್ಲ. ಜೊತೆಗೆ ನಿಲ್ಲುವ ಹಿರಿಯರೊಬ್ಬರು ಬೇಕು. ಪಾಲಕರೇ, ಬಟ್ಟೆ ಕೊಳೆಯಾದೀತೆಂದು ಮಗುವನ್ನು ತಡೆಯದಿರಿ. ಕೊಳೆಯನ್ನು ತೊಳೆಯಬಹುದು, ಆಟವಿಲ್ಲದೆ ಕಳೆದ ಎಳವೆ ಮರಳಿ ಬಾರದು.