ನಿಮಗಿದು ಗೊತ್ತೆ? ಎರಡೇ ಅಕ್ಷರ ಸಾಕು, ಜಾಲತಾಣಕ್ಕೆ ಕನ್ನ!

ವೆಬ್ ಸರ್ವರ್ ಪುಟ ಕಳಿಸುವ ಮುನ್ನ ‘ಹೆಡರ್’ ಎಂಬ ಸಾಲುಗಳನ್ನು ಬ್ರೌಸರ್‌ಗೆ ಕಳಿಸುತ್ತದೆ. ಕುಕೀ ಯಾವುದು, ಮುಂದೆ ಯಾವ ವಿಳಾಸಕ್ಕೆ ಹೋಗಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಒಂದು ಹೆಡರ್ ಮುಗಿಯಿತೆಂದು ಸೂಚಿಸುವುದು ಕಣ್ಣಿಗೆ ಕಾಣದ ಎರಡು ಅಕ್ಷರಗಳು: ಆಸ್ಕಿ ಸಂಖ್ಯೆ 13 ಮತ್ತು 10. ಬಳಕೆದಾರರು ತುಂಬಿದ್ದನ್ನು ತಪಾಸಣೆಯಿಲ್ಲದೆ ಹೆಡರ್‌ಗೆ ಸೇರಿಸಿದರೆ, ಕಿಡಿಗೇಡಿಗಳು ಈ ಎರಡು ಅಕ್ಷರಗಳನ್ನು ತುರುಕಿ ತಮ್ಮದೇ ಕುಕೀಯನ್ನೋ ನಕಲಿ ಪುಟವನ್ನೋ ನುಸುಳಿಸಬಲ್ಲರು. ಪುಣ್ಯಕ್ಕೆ, 2006ರ ಜನವರಿಯಲ್ಲಿ ಬಂದ, ಜಾಲತಾಣ ರಚನೆಗೆ ಬಳಸುವ ಪಿಎಚ್‌ಪಿ ಭಾಷೆಯ 5.1.2 ಮತ್ತು 4.4.2 ಆವೃತ್ತಿಗಳು ಸಲಕ್ಕೆ ಒಂದೇ ಹೆಡರ್ ಎಂದು ಕಟ್ಟುನಿಟ್ಟು ಮಾಡಿದವು. ಆದರೂ ಒಂದು ಸಂದಿ ಉಳಿದಿತ್ತು. ಬರೀ 13 ಬಂದರೂ ಕೆಲವು ಬ್ರೌಸರ್‌ಗಳು ಹೊಸ ಸಾಲೆಂದೇ ಓದುತ್ತಿದ್ದವು! 5.3 ಸರಣಿಯಲ್ಲಿ ಅದನ್ನು ಮುಚ್ಚಿದ್ದು 2012ರ 5.3.11 ಆವೃತ್ತಿ.