ಆಘಾತದ ನೆನಪು ವ್ಯಾಧಿಯಾಗುವುದು ಯಾವಾಗ?

2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮೊದಲಾದ ಎಡೆಗಳಲ್ಲಿ ಬಿಡದೆ ಸುರಿದ ಮಳೆಗೆ ಬೆಟ್ಟದ ಮಗ್ಗುಲುಗಳೇ ಕಳಚಿ ಬಿದ್ದು, ಮನೆಗಳೂ ಕಾಫಿಯ ತೋಟಗಳೂ ಮಣ್ಣಿನಡಿಯಲ್ಲಿ ಅಡಗಿಹೋದುವು. ಇಂಥ ಉತ್ಪಾತದಲ್ಲಿ ನಾಶವಾದ ಮನೆ ಜಮೀನುಗಳ ಲೆಕ್ಕವನ್ನು ಕಂದಾಯ ಇಲಾಖೆಯವರು ಪಂಚನಾಮೆಯಲ್ಲಿ ಬರೆದುಕೊಳ್ಳಬಲ್ಲರು. ಆದರೆ ಬದುಕಿ ಉಳಿದವನ ಮನಸ್ಸಿನಲ್ಲಿ ಆದ ಹಾನಿ ಯಾವ ಪಂಚನಾಮೆಗೂ ಸಿಕ್ಕುವಂಥದಲ್ಲ. ಆ ಹಾನಿ ಕೆಲವರಲ್ಲಿ ಕಾಲಕ್ರಮದಿಂದ ತಾನಾಗಿ ಶಮನಗೊಳ್ಳುತ್ತದೆ, ಕೆಲವರಲ್ಲಿ ವ್ಯಾಧಿಯ ರೂಪವನ್ನು ತಾಳುತ್ತದೆ. ಇವೆರಡಕ್ಕೂ ಇರುವ ಅಂತರವನ್ನು ಗುರುತಿಸುವುದು ಹೇಗೆಂಬುದೇ ಈ ಅಧ್ಯಾಯದ ವಿಷಯ.

ಪ್ರಕೃತಿಯ ಕೋಪವೊಂದೇ ಇದಕ್ಕೆ ಕಾರಣವೆಂದು ಭಾವಿಸಲಾಗದು. ರಸ್ತೆಯ ಅಪಘಾತ, ಬೆಂಕಿಯ ಅನಾಹುತ, ಯುದ್ಧ, ಅತ್ಯಾಚಾರ, ಮನೆಯೊಳಗೇ ನಡೆಯುವ ಹಿಂಸೆ – ಪ್ರಾಣಕ್ಕೋ ಮಾನಕ್ಕೋ ಶರೀರಕ್ಕೋ ಘೋರವಾದ ಅಪಾಯವನ್ನು ತಂದೊಡ್ಡಿದ ಯಾವ ಘಟನೆಯೂ ಇದಕ್ಕೆ ಮೂಲವಾಗಬಹುದು. ಅದನ್ನು ಅನುಭವಿಸಿದವರು ಮಾತ್ರವಲ್ಲದೆ ಕಣ್ಣಾರೆ ಕಂಡವರೂ, ಶವಗಳನ್ನು ಹೊರತೆಗೆದ ಅಗ್ನಿಶಾಮಕ ದಳದವರೂ ಪೊಲೀಸರೂ ಇದಕ್ಕೆ ಗುರಿಯಾಗುವುದುಂಟು.

ವ್ಯಾಧಿ ಪುರಾತನವಾದರೂ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಥಾನ ದೊರೆತದ್ದು ಈಚೆಗೆ. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿಯ ಗುಂಡುಗಳ ನಡುವೆ ಕಂಗೆಟ್ಟ ಸೈನಿಕರ ಸ್ಥಿತಿಯನ್ನು 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯನು ‘ಶೆಲ್ ಶಾಕ್’ ಎಂಬ ಹೆಸರಿನಿಂದ ವರ್ಣಿಸಿದನಾದರೂ, ಅಂಥವರನ್ನು ಹೇಡಿಗಳೆಂದು ಹಳಿಯುವುದು ನಿಲ್ಲಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಯೋಧರ ಬವಣೆಯನ್ನು ಕಂಡ ಬಳಿಕ, 1980ರಲ್ಲಿ ಅಲ್ಲಿನ ಮನೋವೈದ್ಯರ ಸಂಘವು ಇದನ್ನು ಪ್ರತ್ಯೇಕ ವ್ಯಾಧಿಯೆಂದು ಅಂಗೀಕರಿಸಿತು. ಇಂದು ವೈದ್ಯರು ಇದನ್ನು ಪಿಟಿಎಸ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ವ್ಯಾಧಿ ಎನ್ನಬಹುದು.

ಲಕ್ಷಣಗಳು

ಇದರ ಲಕ್ಷಣಗಳು ನಾಲ್ಕು ಬಗೆ. ಮೊದಲನೆಯದು, ಕಳೆದುಹೋದ ಘಟನೆ ಕಳೆಯದೆ ಉಳಿಯುವುದು. ಹಂಚಿನ ಮೇಲೆ ಮಳೆ ಬಿದ್ದ ಸದ್ದಿಗೋ, ಸೀದ ವಾಸನೆಗೋ, ಬ್ರೇಕಿನ ಕಿರುಚಿಗೋ ಆ ದಿನವೆಲ್ಲ ಕಣ್ಣಿಗೆ ಕಟ್ಟಿ, ಅದು ಈ ಕ್ಷಣದಲ್ಲಿಯೇ ನಡೆಯುತ್ತಿದೆಯೆಂಬಂತೆ ಎದೆ ಹೊಡೆದುಕೊಂಡು ಮೈ ಬೆವರುತ್ತದೆ. ರಾತ್ರಿಯಲ್ಲಿ ಅದೇ ದುಃಸ್ವಪ್ನವಾಗಿ ಬರುತ್ತದೆ. ಎರಡನೆಯದು, ನೆನಪನ್ನು ತರುವ ಸ್ಥಳ, ಜನ, ಮಾತುಗಳಿಂದ ದೂರ ಸರಿಯುವುದು: ಅಪಘಾತವಾದ ರಸ್ತೆಯನ್ನು ಬಿಟ್ಟು ಸುತ್ತು ಹಾದಿ ಹಿಡಿಯುವವನು ಕಡೆಗೆ ಬಸ್ಸು ಹತ್ತುವುದನ್ನೇ ಬಿಡಬಹುದು. ಮೂರನೆಯದು, ಭಾವವೂ ವಿಚಾರವೂ ಕಪ್ಪಾಗುವುದು: ‘ತಪ್ಪೆಲ್ಲ ನನ್ನದೇ’, ‘ಲೋಕದಲ್ಲಿ ಯಾರನ್ನೂ ನಂಬುವಂತಿಲ್ಲ’ ಎಂಬ ನಿಶ್ಚಯ ಬೇರೂರಿ, ಹಬ್ಬ ಹರಿದಿನಗಳಲ್ಲಿಯೂ ಸ್ವಂತ ಮಕ್ಕಳ ಆಟದಲ್ಲಿಯೂ ಮನಸ್ಸು ಅರಳದೆ ಹೋಗುತ್ತದೆ. ನಾಲ್ಕನೆಯದು, ಸದಾ ಎಚ್ಚರದ ಸ್ಥಿತಿ: ಸಣ್ಣ ಸಪ್ಪಳಕ್ಕೂ ಬೆಚ್ಚಿ ಬೀಳುವುದು, ನಿದ್ರೆ ಹತ್ತದಿರುವುದು, ಕಾರಣವಿಲ್ಲದೆ ರೇಗುವುದು, ಕೆಲಸದಲ್ಲಿ ಗಮನ ನಿಲ್ಲದಿರುವುದು.

ಎಳೆಯ ಮಕ್ಕಳು ಇದನ್ನು ಮಾತಿನಲ್ಲಿ ಹೇಳಲಾರರು. ಆಟದಲ್ಲಿ ಅದೇ ಘಟನೆಯನ್ನು ಮತ್ತೆ ಮತ್ತೆ ಆಡುವುದು, ತಾಯಿಯ ಸೆರಗನ್ನು ಬಿಡದಿರುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು – ಇವು ಮಕ್ಕಳ ಭಾಷೆ. ದೊಡ್ಡವರಾದರೋ ಅನೇಕ ವೇಳೆ ತಲೆನೋವು, ಎದೆಯ ನೋವು, ಬಳಲಿಕೆ ಎಂದು ವೈದ್ಯರಲ್ಲಿಗೆ ಹೋಗುತ್ತಾರೆಯೇ ಹೊರತು ನಡೆದ ಘಟನೆಯ ವಿಚಾರವನ್ನು ಎತ್ತುವುದಿಲ್ಲ. ಎತ್ತದ ಹೊರತು ವೈದ್ಯನಿಗೂ ರೋಗದ ಮೂಲ ಹೊಳೆಯುವುದು ಕಷ್ಟ.

ನೆರವನ್ನು ಅರಸತಕ್ಕ ಕಾಲ

ಘಟನೆಯ ಬೆನ್ನಿಗೇ ಈ ಲಕ್ಷಣಗಳು ತೋರಿದರೆ ಅದು ರೋಗವೆಂದು ಗಾಬರಿಪಡಬೇಕಾಗಿಲ್ಲ. ಗಾಯವು ಮಾಯುವಂತೆ ಮನಸ್ಸೂ ಮಾಯುತ್ತದೆ. ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ಭಯ ತಗ್ಗುತ್ತ ಬರುತ್ತದೆ. ಒಂದು ತಿಂಗಳು ಕಳೆದರೂ ತಗ್ಗದೆ, ಉದ್ಯೋಗ, ಓದು, ಸಂಸಾರಗಳಿಗೆ ಅಡ್ಡಿಯಾಗಿ ನಿಂತರೆ ವೈದ್ಯರನ್ನು ಕಾಣತಕ್ಕದ್ದು. ಕೆಲವರಲ್ಲಿ ಆರು ತಿಂಗಳಾದ ಮೇಲೆ ವ್ಯಾಧಿ ಪೂರ್ಣರೂಪದಲ್ಲಿ ಕಾಣಿಸಿಕೊಳ್ಳುವುದೂ ಉಂಟಾದ್ದರಿಂದ, ‘ಅದೆಲ್ಲ ಹಳೆಯ ಮಾತು’ ಎಂದು ತಳ್ಳಿಹಾಕಲಾಗದು. ಆದರೆ ಸಾಯಬೇಕೆಂಬ ಆಲೋಚನೆ, ತನಗೋ ಇತರರಿಗೋ ಕೇಡು ಮಾಡುವ ಉದ್ದೇಶ, ಊಟ ನಿದ್ರೆಗಳನ್ನು ತೊರೆದ ಸ್ಥಿತಿ, ನೋವನ್ನು ಮುಳುಗಿಸಲು ಹೆಚ್ಚುತ್ತಿರುವ ಕುಡಿತ – ಇವು ಕಂಡಲ್ಲಿ ತಿಂಗಳ ಲೆಕ್ಕ ಸಲ್ಲದು. ಅಂದೇ ನೆರವು ಬೇಕು.

ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರಿಂದಲೇ ಆರಂಭಿಸಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆ ಇದ್ದೇ ಇವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಪ್ರಾಣಕ್ಕೆ ಕೂಡಲೇ ಅಪಾಯವಿರುವಂತೆ ತೋರಿದರೆ 112ಕ್ಕೆ ಕರೆಮಾಡಬೇಕು. ಚಿಕಿತ್ಸೆಯಲ್ಲಿ ಮುಖ್ಯವಾದುದು ತರಬೇತಾದ ಚಿಕಿತ್ಸಕನೊಡನೆ, ಅಭಯದ ವಾತಾವರಣದಲ್ಲಿ, ಆ ನೆನಪನ್ನು ಹಂತಹಂತವಾಗಿ ಎದುರಿಸಿ ಅದರ ವಿಷವನ್ನು ಇಳಿಸಿಕೊಳ್ಳುವ ಕ್ರಮ. ಖಿನ್ನತೆಗೆ ಕೊಡುವ ಕೆಲವು ಔಷಧಗಳೂ ಉಪಯುಕ್ತ. ನಿದ್ರೆಗಾಗಿ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದು ಹಿತವಲ್ಲ.

ಮನೆಯವರ ಪಾಲೂ ಸಣ್ಣದಲ್ಲ. ನೊಂದವನನ್ನು ಕೂರಿಸಿಕೊಂಡು ‘ಏನಾಯಿತು, ಹೇಗಾಯಿತು’ ಎಂದು ಕೆದಕುವುದೂ, ‘ಮರೆತುಬಿಡು, ಗಂಡಸಾಗಿ ಅಳುವುದೆ?’ ಎಂದು ಬಾಯಿ ಮುಚ್ಚಿಸುವುದೂ ಸಮಾನವಾದ ತಪ್ಪುಗಳು. ಅವನಾಗಿ ಹೇಳಿದಾಗ ಕೇಳುವುದು, ಊಟ ನಿದ್ರೆಗಳ ಕ್ರಮ ಕೆಡದಂತೆ ನೋಡಿಕೊಳ್ಳುವುದು, ಆಸ್ಪತ್ರೆಗೆ ಹೊರಟಾಗ ಜೊತೆಗೆ ಹೋಗುವುದು – ಇಷ್ಟು ಸಾಕು. ತಾಯಿತದಿಂದಲೋ ಹರಕೆಯಿಂದಲೋ ಒಬ್ಬನಿಗೆ ಧೈರ್ಯ ಬರುವುದಾದರೆ ಬರಲಿ. ಅದು ವೈದ್ಯರ ಭೇಟಿಗೆ ಬದಲಾಗದಿರಲಿ. ಈ ವ್ಯಾಧಿ ಪುಕ್ಕಲುತನವೂ ಅಲ್ಲ, ಪೂರ್ವಕರ್ಮದ ಫಲವೂ ಅಲ್ಲ. ಚಿಕಿತ್ಸೆಗೆ ಒಗ್ಗುವ ರೋಗ. ಎಷ್ಟು ಬೇಗ ವೈದ್ಯರನ್ನು ಕಂಡರೆ ಅಷ್ಟು ಲೇಸು. ವರ್ಷಗಳು ಕಳೆದ ಮೇಲೆ ಹೋದರೂ ತಡವಾಯಿತೆಂದು ಹಿಂಜರಿಯಬೇಕಾಗಿಲ್ಲ.