34 ಮಹಡಿ, 81 ಮನೆ: ಗಗನಚುಂಬಿ ಕಟ್ಟಡಗಳ ಲೆಕ್ಕ ಯಾರೂ ಯಾಕೆ ಕೇಳ್ತಿಲ್ಲ?

ಬೆಂಗಳೂರಿನ ನಡುಮಧ್ಯೆ ಮುಗಿಲೆತ್ತರದ ವಸತಿ ಕಟ್ಟಡಗಳು ಬೇಕಾ, ಬೇಡವಾ? ಈ ಮಾತು ಶುರುವಾದರೆ ಸಾಕು, ಎರಡು ಗುಂಪು ತಯಾರು. ಒಂದು ಗುಂಪಿನ ಪ್ರಕಾರ ಜಾಗ ಇಲ್ಲ, ಜನ ಬರ್ತಾನೇ ಇದಾರೆ, ಮೇಲಕ್ಕೆ ಕಟ್ಟದೆ ಬೇರೆ ದಾರಿಯೇ ಇಲ್ಲ. ಇನ್ನೊಂದು ಗುಂಪಿನ ಪ್ರಶ್ನೆ: ಇರೋ ಜನಕ್ಕೇ ನೀರು, ರಸ್ತೆ, ಚರಂಡಿ ಸಾಲ್ತಿಲ್ಲ, ಇನ್ನಷ್ಟು ಜನರನ್ನ ತಂದು ಪೇರಿಸೋದು ಯಾಕೆ?

ಎರಡೂ ಕಡೆಯವರು ಒಂದು ವಿಷಯವನ್ನು ಮಾತ್ರ ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಕಟ್ಟಡ ಎತ್ತರ ಆದಷ್ಟೂ ಮನೆಗಳು ಜಾಸ್ತಿ ಅಂತ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇಂಥ ಕಡೆ ಮೊದಲು ಕ್ಯಾಲ್ಕುಲೇಟರ್ ತೆಗೀತೀನಿ.

ಯುಬಿ ಸಿಟಿ ಪಕ್ಕದ ಕಿಂಗ್‌ಫಿಷರ್ ಟವರ್ಸ್ ತಗೊಳ್ಳಿ. ಸುಮಾರು 4.5 ಎಕರೆ ಜಾಗ, 34 ಮಹಡಿ, 81 ಅಪಾರ್ಟ್‌ಮೆಂಟ್. ಒಂದೊಂದೂ ಸರಾಸರಿ 8,000 ಚದರಡಿಗಿಂತ ದೊಡ್ಡದು. ಭಾಗಿಸಿ ನೋಡಿ: ಎಕರೆಗೆ 18 ಮನೆ.

ಈಗ ಒಂದು ಸಾಮಾನ್ಯ ಬಡಾವಣೆ. ಎಕರೆ ಅಂದ್ರೆ 43,560 ಚದರಡಿ. ರಸ್ತೆ, ಪಾರ್ಕ್ ಅಂತ ಅರ್ಧ ಬಿಟ್ಟರೂ 18 ಥರ್ಟಿ-ಫಾರ್ಟಿ ಸೈಟು ಸಿಗುತ್ತವೆ. ಸೈಟಿಗೆ ಒಂದೇ ಮನೆ ಅಂದುಕೊಂಡರೂ ಎಕರೆಗೆ 18 ಮನೆ ಆಯ್ತು. ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ ಅಂತಿದ್ದರೆ 54. ನಮ್ಮ ಊರಿನ ಮಾಮೂಲಿ ಮೂರಂತಸ್ತಿನ ಬೀದಿಯೊಂದು 34 ಮಹಡಿಯ ಗೋಪುರದ ಮೂರು ಪಟ್ಟು ಕುಟುಂಬಗಳಿಗೆ ಸೂರು ಕೊಟ್ಟಿದೆ! ಅದೂ ಬಡಾವಣೆಯ ರಸ್ತೆ, ಪಾರ್ಕನ್ನು ಲೆಕ್ಕಕ್ಕೆ ಸೇರಿಸಿಕೊಂಡ ಮೇಲೆ.

ಹಾಗಾದ್ರೆ ಗೋಪುರದ ಅಷ್ಟೊಂದು ಕಾಂಕ್ರೀಟ್ ಎಲ್ಲಿ ಹೋಯ್ತು? ಇಲ್ಲಿ ಎಫ್‌ಎಆರ್ ಅನ್ನೋ ಪದ ಅರ್ಥ ಮಾಡ್ಕೋಬೇಕು. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ ಅದು. 1,200 ಚದರಡಿ ಸೈಟಿಗೆ ಎಫ್‌ಎಆರ್ 2 ಇದ್ದರೆ ಒಟ್ಟು 2,400 ಚದರಡಿ ಕಟ್ಟಬಹುದು. ಅದನ್ನು ಎರಡು ಮಹಡಿಯಾಗಿ ಹರಡಬಹುದು, ಅರ್ಧ ಜಾಗ ಖಾಲಿ ಬಿಟ್ಟು ನಾಲ್ಕು ಮಹಡಿಯಾಗಿ ಏರಿಸಬಹುದು. ಅಂದ್ರೆ ಎಷ್ಟು ಚದರಡಿ ಅನ್ನೋದನ್ನು ಎಫ್‌ಎಆರ್ ಹೇಳುತ್ತೆ. ಆ ಚದರಡಿಯಲ್ಲಿ ಎಷ್ಟು ಮನೆ ಅನ್ನೋದನ್ನು ಬಿಲ್ಡರ್ ತೀರ್ಮಾನಿಸ್ತಾರೆ. ಕಿಂಗ್‌ಫಿಷರ್ ಟವರ್ಸ್‌ನ ಅದೇ ವಿಸ್ತೀರ್ಣವನ್ನು 800 ಚದರಡಿಯ ಮನೆಗಳಾಗಿ ಹಂಚಿದ್ದರೆ ಅಂದಾಜು 840 ಕುಟುಂಬ ಇರಬಹುದಿತ್ತು.

ಹಾಗೆ ಮಾಡಲ್ಲ, ಯಾಕಂದ್ರೆ ಎತ್ತರ ದುಬಾರಿ. ಮೇಲೆ ಹೋದಂತೆ ಗಾಳಿಯ ಒತ್ತಡ ತಡೆಯೋಕೆ ಕಂಬ, ಗೋಡೆ ದಪ್ಪ ಆಗಬೇಕು. ಲಿಫ್ಟ್‌ಗಳು ಹೆಚ್ಚಬೇಕು, ಬೆಂಕಿ ಬಿದ್ದಾಗ ಜನ ಆಶ್ರಯ ಪಡೆಯೋಕೆ ಬೇರೆ ಜಾಗ ಬಿಡಬೇಕು. ಪ್ರತಿ ಚದರಡಿಯ ಖರ್ಚು ಏರುತ್ತೆ. ನಗರದ ನಡುವಿನ ಭೂಮಿ ಬೆಲೆಯೂ ಸೇರಿದರೆ ಐಷಾರಾಮಿ ಫ್ಲ್ಯಾಟ್ ಮಾರೋದೇ ಬಿಲ್ಡರ್‌ಗೆ ಲಾಭ.

ಹಾಗಂತ ಎತ್ತರವನ್ನೇ ಶತ್ರು ಮಾಡ್ಕೊಳ್ಳೋದೂ ಸರಿಯಲ್ಲ. 2010ರ ಫೆಬ್ರವರಿ 23ರಂದು ಬೆಂಕಿಗೆ 9 ಜನರನ್ನು ಬಲಿ ತೆಗೆದುಕೊಂಡ ಕಾರ್ಲ್‌ಟನ್ ಟವರ್ಸ್‌ಗೆ ಇದ್ದದ್ದು ಏಳೇ ಮಹಡಿ. ನೀರಿನ ಮಾತು ತೆಗೆದರೆ, ಕಾವೇರಿ ಬೆಂಗಳೂರಿಗೆ ಬರೋದೇ ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಆಗಿ. ಅದರ ಮುಂದೆ 30ನೇ ಮಹಡಿಗೆ ಏರಿಸೋ 100 ಮೀಟರ್ ಅಂಥ ದೊಡ್ಡದೇನಲ್ಲ.

ಅಡ್ಡಡ್ಡ ಬೆಳೆಯೋ ನಗರವೂ ಪುಕ್ಕಟೆಯಲ್ಲ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ ಆ ಕಡೆಯ ಬಹಳಷ್ಟು ಜನ ಬೋರ್‌ವೆಲ್, ಟ್ಯಾಂಕರ್ ನಂಬಿ ಬದುಕಿದರು. ಕೆಲಸಕ್ಕೆ, ಮೆಟ್ರೋಗೆ ಹತ್ತಿರದಲ್ಲಿ ಹೆಚ್ಚು ಜನ ಇರೋದು ನಗರಕ್ಕೆ ಒಳ್ಳೆಯದೇ. ಆದರೆ ಆ 'ಹೆಚ್ಚು ಜನ' ನಿಜಕ್ಕೂ ಬರಬೇಕಲ್ಲ?

ಎಫ್‌ಎಆರ್ ಹೆಚ್ಚಿಸೋದು ಸರ್ಕಾರ ಬಿಲ್ಡರ್‌ಗೆ ಗಾಳಿಯಲ್ಲಿ ಸೈಟ್ ಕೊಟ್ಟಹಾಗೆ. ಆ ಸೈಟಿನ ಬೆಲೆ ಹುಟ್ಟೋದು ಸುತ್ತಲಿನ ರಸ್ತೆ, ಮೆಟ್ರೋ, ನೀರಿನಿಂದ. ಅವೆಲ್ಲ ಸಾರ್ವಜನಿಕರ ದುಡ್ಡು. ಹಣ ಕಟ್ಟಿಸಿಕೊಂಡು ಹೆಚ್ಚುವರಿ ಅವಕಾಶ ಕೊಡೋ 'ಪ್ರೀಮಿಯಂ ಎಫ್‌ಎಆರ್' ಬಗ್ಗೆ ಸರ್ಕಾರ ಮಾತಾಡುವಾಗ ಚರ್ಚೆಯೆಲ್ಲ ಶುಲ್ಕ ಎಷ್ಟು ಅನ್ನೋದರ ಸುತ್ತಲೇ. ಬದಲಿಗೆ ಎಷ್ಟು ಮನೆ ಬರುತ್ತೆ, ಅದರಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ, ನರ್ಸ್‌ಗಳಿಗೆ ಕೈಗೆಟಕೋವು ಎಷ್ಟು ಅನ್ನೋ ಷರತ್ತು ಯಾಕಿರಬಾರದು?

ಇದನ್ನು ಯಾರನ್ನು ಕೇಳೋದು ಅನ್ನೋದೇ ದೊಡ್ಡ ಸಮಸ್ಯೆ. ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಲ್ಲಿ ಮಾಸ್ಟರ್ ಪ್ಲಾನ್ ಮಾಡುತ್ತಾ ಬಂದಿದ್ದು ರಾಜ್ಯ ಸರ್ಕಾರದ ಕೈಯಲ್ಲಿರುವ ಬಿಡಿಎ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ.

ವೋಟು ಕೇಳೋಕೆ ಬಂದವರನ್ನು ನಾವು ಸಾಮಾನ್ಯವಾಗಿ ಗುಂಡಿ, ಕಸದ ಬಗ್ಗೆ ಕೇಳ್ತೀವಿ. ಅದರ ಜೊತೆಗೆ ಇದನ್ನೂ ಕೇಳಿ. ನಮ್ಮ ವಾರ್ಡಿನಲ್ಲಿ ದೊಡ್ಡ ಕಟ್ಟಡಕ್ಕೆ ಅನುಮತಿ ಕೊಡುವ ಮುಂಚೆ ಎಕರೆಗೆ ಎಷ್ಟು ಮನೆ, ಅತಿ ಚಿಕ್ಕ ಮನೆ ಎಷ್ಟು ಚದರಡಿ, ನೀರು-ಚರಂಡಿಯ ಖರ್ಚು ಯಾರದ್ದು ಅಂತ ಜನರ ಮುಂದೆ ಇಡ್ತೀರಾ? ಮಹಡಿ ಎಷ್ಟು ಅಂತ ಅವರು ಹೇಗೂ ಹೋರ್ಡಿಂಗ್‌ನಲ್ಲಿ ಹಾಕ್ತಾರೆ.